ಹಳೆಯ ಡಬ್ಬಿಯ ಪುಡಿ

ನನ್ನ ತಮ್ಮ ಕೊಟ್ಟೂರಿನ ಜಿಮ್ಮಿನಿಂದ ಪ್ರೋಟೀನ್ ಪುಡಿ ತಂದಾಗ ಡಬ್ಬಿ ತಿರುಗಿಸಿ ನೋಡಿದವಳು ನಾನೇ. ಪರವಾನಗಿ ನಂಬರು, ತಯಾರಾದ ದಿನ ಎಲ್ಲವೂ ಇದ್ದವು. ಬಿ.ಎಸ್ಸಿ. ಓದಿದ ಗತ್ತಿನಲ್ಲಿ "ಕುಡಿಯೋ, ಚಲೋ ಐತಿ" ಅಂದೆ.

ಮೂರನೆಯ ದಿನ ಅವನು ಅಂಗಳದಲ್ಲಿ ಮೆಲ್ಲಗೆ ಕುಸಿದ. ಎದೆ ಮುಟ್ಟಿದರೆ ಒಳಗೆ ರೈಲು ಓಡಿದಂತಿತ್ತು. ಪುಡಿಯಲ್ಲಿ ಏನೋ ಬೆರೆತಿದೆ ಎಂದರು ವೈದ್ಯರು.

ಆಸ್ಪತ್ರೆಗೆ ಬಂದ ಜಿಮ್ಮಿನ ಮಾಲೀಕ ತಲೆ ತಗ್ಗಿಸಿದ. "ಡಬ್ಬಿ ಹಳೇದ್ರಿ ಅಕ್ಕಾರ, ಚೀಲದಾಗಿನ ಪುಡಿ ತುಂಬಿದ್ವಿ. ಮನ್ಯಾಗ ನೀವು ಖಾರದಪುಡಿ ತುಂಬಂಗಿಲ್ಲೇನ್ರಿ?"

ತುಂಬುತ್ತೇವೆ. ನಂಬರು ಓದಿದ ನಾನು ಸೀಲು ಇದೆಯೇ ಎಂದು ನೋಡಿರಲಿಲ್ಲ.

ತಮ್ಮ ಈಗ ಗುಣವಾಗಿದ್ದಾನೆ. ಮಧ್ಯಾಹ್ನ ಅವನು ಮಲಗಿದಾಗ, ನಿದ್ದೆಯಲ್ಲಿ ನಡೆಯುವವಳಂತೆ ಹೋಗಿ ಅವನ ಎದೆಗೆ ಕಿವಿಯಿಡುತ್ತೇನೆ. "ಬದುಕೀನಿ, ಸಾಕ್ ಬಿಡಕ್ಕ" ಅನ್ನುತ್ತಾನೆ, ಕಣ್ಣು ತೆರೆಯದೆ. ಆದರೂ ಇನ್ನಷ್ಟು ಹೊತ್ತು ಕೇಳುತ್ತೇನೆ.