ಅಡುಗೆಯ ನಿಶೋನನ ಕಲ್ಲೆದೆ

ಮಾರ್ಗಿಲಾನ್ ಪಟ್ಟಣದ ತುತ್‌ಜೋರ್ ಮೊಹಲ್ಲಾದಲ್ಲಿ ಯಾರಾದರೂ ತೀರಿಕೊಂಡರೆ ಮೊದಲ ಸುದ್ದಿ ಇಮಾಮರಿಗೆ, ಎರಡನೆಯದು ಅಡುಗೆಯ ನಿಶೋನನಿಗೆ. ಇಮಾಮರು ಗಡ್ಡ ಸವರಿಕೊಂಡು ದುವಾ ಹೇಳುತ್ತಿದ್ದರು. ನಿಶೋನ್ ಮಾತ್ರ "ಎಷ್ಟು ಜನ?" ಎಂದು ಕೇಳುತ್ತಿದ್ದ. ಸತ್ತವರು ಯಾರು ಎಂಬುದು ಆಮೇಲಿನ ಮಾತು.

ಇದರಲ್ಲಿ ಅವನದೊಬ್ಬನದೇ ತಪ್ಪೆಂದರೆ ಅನ್ಯಾಯವಾದೀತು. ಸಾವಾದ ಇಪ್ಪತ್ತನೆಯ ದಿನ ಬೆಳಗಿನ ನಮಾಜು ಮುಗಿಸಿಕೊಂಡು ಇಡೀ ಮೊಹಲ್ಲಾದ ಗಂಡಸರು ಸತ್ತವನ ಅಂಗಳದಲ್ಲಿ ಸಾಲಾಗಿ ಕೂತು ಪಲಾವ್ ಉಣ್ಣಬೇಕು. ಬದುಕಿದ್ದಾಗ ಆ ಮನುಷ್ಯನಿಗೆ ಒಂದು ಲೋಟ ಚಹಾ ಕೊಡದವರೂ ಅವತ್ತು ತಟ್ಟೆಯ ಮೇಲಿನ ಮಾಂಸವನ್ನು ಕಣ್ಣಲ್ಲೇ ತೂಗುತ್ತಿದ್ದರು. ಮಾಂಸ ದಂಡಿಯಾಗಿದ್ದರೆ "ಪುಣ್ಯಾತ್ಮ" ಎಂದು ಬಾಯಿ ಒರೆಸಿಕೊಳ್ಳುವರು. ಕಡಿಮೆಯಾಗಿದ್ದರೆ ಮನೆ ಮುಟ್ಟುವವರೆಗೂ ಅದೇ ಮಾತು. ಹೀಗೆ ಮೊಹಲ್ಲಾದ ಸತ್ತವರೆಲ್ಲರ ಮಾನ ಮೂವತ್ತು ವರ್ಷ ನಿಶೋನನ ಕೊಪ್ಪರಿಗೆಯಲ್ಲಿ ಬೆಂದಿತ್ತು. ಆ ಜವಾಬ್ದಾರಿಯಲ್ಲಿ ಅವನು ಸಾಕಷ್ಟು ಬೀಗಿಯೂ ಇದ್ದ.

ಜನರನ್ನು ಅವನು ನೆನಪಿಟ್ಟುಕೊಂಡಿದ್ದೂ ಅಡುಗೆಯ ಲೆಕ್ಕದಲ್ಲೇ. ಮೇಷ್ಟ್ರು ಸತ್ತದ್ದು ಪಲಾವಿಗೆ ಹಾಕುವ ಕ್ಯಾರೆಟ್ ಸಪ್ಪೆಯಿದ್ದ ವರ್ಷ. ಸೂಲಗಿತ್ತಿ ಮುದುಕಿ ಸತ್ತದ್ದು ಅಕ್ಕಿ ಹೂವಿನಂತೆ ಅರಳಿದ ದಿನ. ಹೆಂಡತಿ ಮುಹಯ್ಯೊ ಒಮ್ಮೆ ತಡೆಯಲಾರದೆ, "ನಾನು ಸತ್ತರೆ ಯಾವ ಅಕ್ಕಿ ಅಂತ ಈಗಲೇ ಹೇಳಿಬಿಡಿ, ಸಮಾಧಾನವಾಗಿ ಸಾಯ್ತೀನಿ" ಎಂದಿದ್ದಳು. ನಿಶೋನ್ ಅದನ್ನು ನಿಜವಾಗಿಯೂ ಯೋಚಿಸಿ, "ಹೊಸ ಬೆಳೆ ಬರೋವರೆಗೂ ತಡಿ" ಎಂದಿದ್ದ.

ಒಂಬತ್ತು ವರ್ಷ ಕಾದ ಮೇಲೆ ಹಜ್ ಪಟ್ಟಿಯಲ್ಲಿ ಅವನ ಸರದಿ ಬಂತು. ಹೊರಡುವುದಕ್ಕೆ ಇಪ್ಪತ್ತು ದಿನವಿತ್ತು. ಆ ಶುಕ್ರವಾರವೇ ಹೊಸ ಇಮಾಮ್ ಅಸ್ಲಿದ್ದೀನ್ ಕಲ್ಲಾದ ಎದೆಯ ಬಗ್ಗೆ ಪ್ರವಚನ ಮಾಡಿದ. ಮದ್ರಸಾದಿಂದ ಆಗಷ್ಟೇ ಹೊರಬಿದ್ದ ಹುಡುಗ, ಎಲ್ಲವನ್ನೂ ಬೆರಳು ಮಡಿಸಿ ಹೇಳುವ ಚಟ. ಎದೆ ಕಲ್ಲಾದವನ ಕಣ್ಣು ಒದ್ದೆಯಾಗುವುದಿಲ್ಲ, ಒಂದು. ಕುರಾನ್ ಕೇಳಿದರೂ ಮೈ ಜುಮ್ಮೆನ್ನುವುದಿಲ್ಲ, ಎರಡು. ಹೆಣ ಹೋಗುವುದನ್ನು ಕಂಡಾಗಲೂ ತನ್ನ ಕಸುಬಿನ ಯೋಚನೆಯೇ, ಮೂರು. ಮೂರನೆಯದಕ್ಕೆ ನಿಶೋನ್ ಅತ್ತಿತ್ತ ನೋಡಿದ. ಯಾರೋ ಚಾಡಿ ಹೇಳಿರಬೇಕು ಎಂದೇ ಅವನಿಗೆ ಅನ್ನಿಸಿತು.

ಆದರೆ ಮನೆಗೆ ಬಂದ ಮೇಲೆ ಹೆದರಿಕೆ ಹಿಡಿಯಿತು. ತಾಯಿ ಸತ್ತಾಗಲೂ ಅವನು ಅತ್ತಿರಲಿಲ್ಲ, ಅಕ್ಕಿ ನೆನೆಹಾಕುತ್ತಿದ್ದ. ಇಂಥ ಎದೆ ಹೊತ್ತುಕೊಂಡು ಕಾಬಾದ ಮುಂದೆ ನಿಂತರೆ ಸುತ್ತಲಿನ ಲಕ್ಷಾಂತರ ಜನ ಅಳುವಾಗ ತಾನೊಬ್ಬ ಒಣ ಕಣ್ಣು ಬಿಟ್ಟುಕೊಂಡು ನಿಲ್ಲಬೇಕಲ್ಲ. ಹೋಗಿದ್ದೂ ವ್ಯರ್ಥ, ಬಂದಿದ್ದೂ ವ್ಯರ್ಥ. ಸಂಜೆಯ ನಮಾಜಿಗೆ ಮೊದಲೇ ಇಮಾಮನ ಹತ್ತಿರ ಓಡಿದ.

"ಇದಕ್ಕೆ ಮದ್ದಿದೆ ನಿಶೋನ್ ಅಕಾ," ಎಂದು ಅಣ್ಣನನ್ನು ಕರೆಯುವಂತೆ ಕರೆದು ಇಮಾಮ್ ಮೊದಲ ಬೆರಳು ಮಡಿಸಿದ. "ಖಬರಸ್ತಾನಕ್ಕೆ ಹೋಗಿ."

"ವಾರಕ್ಕೊಂದು ಸಲ ಹೋಗ್ತಾನೇ ಇದೀನಿ."

"ಹಸಿದವರಿಗೆ ಊಟ ಹಾಕಿ."

"ಮೂವತ್ತು ವರ್ಷದಿಂದ ಇನ್ನೇನು ಮಾಡ್ತಿದೀನಿ?"

"ಸಾವನ್ನ ನೆನೀರಿ."

"ಮೌಲಾನಾ, ನಾನು ಸಾವಿನಿಂದಲೇ ಬದುಕ್ತಾ ಇರೋನು."

ಇಮಾಮ್ ನಾಲ್ಕನೆಯ ಬೆರಳಿಗೆ ಬಂದ. "ಹಾಗಾದ್ರೆ ಅಪ್ಪ ಇಲ್ಲದ ತಬ್ಬಲಿ ಮಗುವಿನ ತಲೆ ಸವರಿ. ಎದೆ ಮೆತ್ತಗಾಗುತ್ತೆ. ಇದು ತಪ್ಪೋದೇ ಇಲ್ಲ."

ಮರುದಿನ ನಿಶೋನ್ ತಬ್ಬಲಿಯನ್ನು ಹುಡುಕಿಕೊಂಡು ಮೊಹಲ್ಲಾ ಅಧ್ಯಕ್ಷ ಸೋಬಿರನ ಕಚೇರಿಗೆ ಹೋದ. ಸೋಬಿರ್ ಪಟ್ಟಿ ತೆಗೆದು ಮೇಲಿನಿಂದ ಕೆಳಗೆ ನೋಡಿ ಹೆಮ್ಮೆಯಿಂದ ಮುಚ್ಚಿದ. "ನಮ್ಮ ಮೊಹಲ್ಲಾದಲ್ಲಿ ತಬ್ಬಲಿಗಳು ಸೊನ್ನೆ. ಮೇಲಿನವರಿಗೆ ವರದಿನೂ ಹೋಗಿದೆ. ಈಗ ನೀವು ಒಂದು ಹುಡುಕಿ ನನ್ನ ವರದಿ ಕೆಡಿಸ್ಬೇಡಿ."

"ಒಂದೂ ಇಲ್ವಾ?"

"ಇದ್ದೋರು ದೊಡ್ಡೋರಾಗಿಬಿಟ್ರು. ಬೇಕಿದ್ರೆ ನನ್ನ ತಲೆ ಸವರಿ. ನನಗೂ ಅಪ್ಪ ಅಮ್ಮ ಇಲ್ಲ." ಅವನು ಟೋಪಿ ತೆಗೆದು ಬೋಳು ತಲೆ ಮುಂದೊಡ್ಡಿದ. ನಿಶೋನ್ ಕಂಗೆಟ್ಟಿದ್ದ ಪರಿ ಹೇಗಿತ್ತೆಂದರೆ, ಎರಡು ಸಲ ಸವರಿಯೇಬಿಟ್ಟ. ಏನೂ ಆಗಲಿಲ್ಲ.

ಅಷ್ಟರಲ್ಲಿ ರಾಜಿ ಕೇಳುವ ದಿನಗಳು ಬಂದವು. ಹಜ್‌ಗೆ ಹೋಗುವವನು ಮನೆಮನೆಗೂ ಹೋಗಿ, ತನ್ನಿಂದ ತಪ್ಪಾಗಿದ್ದರೆ ಮನ್ನಿಸಿ ರಾಜಿಯಾಗಿ ಎಂದು ಕೇಳಬೇಕು. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯ ಬಿಡದೆ ದೇವರೂ ಬಿಡುವುದಿಲ್ಲ ಎಂಬ ನಂಬಿಕೆ. ಕೇಳುವವರು ಏನು ತಪ್ಪೆಂದು ಹೇಳುವುದಿಲ್ಲ, ಒಪ್ಪುವವರು ವಿಚಾರಿಸುವುದಿಲ್ಲ. "ರಾಜಿಯಾಗಿ", "ರಾಜಿ, ರಾಜಿ, ನಮಗೂ ದುವಾ ಮಾಡಿ". ಬಾಗಿಲಲ್ಲೇ ಮುಗಿದುಹೋಗುವ ವ್ಯವಹಾರ. ನಿಶೋನ್ ಒಂದೇ ಬೆಳಗಿನಲ್ಲಿ ನಲವತ್ತು ಮನೆಯ ರಾಜಿ ಸಂಪಾದಿಸಿದ. ಅವನ ಮೇಲೆ ಕೇಸು ಹಾಕಿದ್ದ ಪಕ್ಕದ ಮನೆಯವನು ಕೂಡ ಹಲ್ಲುಜ್ಜುತ್ತಲೇ ರಾಜಿ ಎಂದುಬಿಟ್ಟ.

ನಲವತ್ತೊಂದನೆಯದು ಬೀಬಿಸೋರಳ ಮನೆ. ಅವಳು ಉಮುರ್‌ಜೋಕನ ವಿಧವೆ; ಗಂಡ ಬದುಕಿದ್ದಾಗ ಇಬ್ಬರೂ ಮನೆಯ ಮಗ್ಗದಲ್ಲೇ ರೇಷ್ಮೆ ನೇಯುತ್ತಿದ್ದರು. ಈಗ ಬೇಕರಿಯೊಂದರಲ್ಲಿ ಹಿಟ್ಟು ನಾದುವ ಕೆಲಸ. ಮಗಳು ಮಲೋಹತ್‌ಗೆ ಇಪ್ಪತ್ತು ತುಂಬಿತ್ತು.

"ತಂಗಿ, ಹಜ್‌ಗೆ ಹೊರಟಿದೀನಿ. ಏನಾದ್ರೂ ತಪ್ಪಾಗಿದ್ರೆ ರಾಜಿಯಾಗಮ್ಮ," ಎಂದು ಹೇಳಿ ನಿಶೋನ್ ಮುಂದಿನ ಮನೆಯ ಕಡೆಗೆ ಆಗಲೇ ಅರ್ಧ ತಿರುಗಿದ್ದ.

"ಯಾವ ತಪ್ಪು?" ಎಂದಳು ಬೀಬಿಸೋರ.

ನಿಶೋನ್ ನಿಂತ. "ಹಾಗಂದ್ರೆ?"

"ತಪ್ಪಾಗಿದ್ರೆ ಅಂದ್ರಲ್ಲ. ಏನಾಗಿತ್ತು?"

"ಏನೋಪ್ಪ. ಮನುಷ್ಯ ಅಂದ್ಮೇಲೆ ಮಾತು ಆಡಿರ್ತೀವಿ, ನಡ್ಕೊಂಡಿರ್ತೀವಿ. ಎಲ್ಲರೂ ರಾಜಿ ಅಂದ್ರು."

"ಅವರಿಗೆ ನೀವು ಏನೂ ಮಾಡಿರ್ಲಿಕ್ಕಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನನಗೆ ಮಾಡಿದೀರಿ. ಏನು ಅಂತ ನಾನು ಹೇಳಿದ್ರೆ, ನೀವು ಹೌದು ಹೌದು ಅಂತೀರಿ, ನಾನು ರಾಜಿ ಅಂತೀನಿ, ಮುಗೀತು. ಹಾಗೆ ಬೇಡ ನಿಶೋನ್ ಅಕಾ. ನೀವೇ ನೆನಪು ಮಾಡ್ಕೊಂಡು ಬನ್ನಿ."

ಬಾಗಿಲು ಮೆಲ್ಲಗೆ ಮುಚ್ಚಿತು.

ನಿಶೋನ್ ಮೊದಲು ಸಿಟ್ಟಾದ. ಆಮೇಲೆ ಇಮಾಮನ ಹತ್ತಿರ ದೂರು ಒಯ್ದ. ಇಮಾಮ್ ಪುಸ್ತಕ ತೆಗೆದು, ಮುಚ್ಚಿ, "ಅವರು ರಾಜಿಯಾಗಲೇಬೇಕಲ್ಲ ಅಕಾ, ಬೇರೆ ದಾರಿ ನನಗಂತೂ ಕಾಣೆ" ಎಂದ. ಸೋಬಿರ್ ಮೊಹಲ್ಲಾದ ಪರವಾಗಿ ಒಂದು ಸಾಮೂಹಿಕ ರಾಜಿಪತ್ರಕ್ಕೆ ಸೀಲು ಹಾಕಿಕೊಡಲು ಮುಂದೆ ಬಂದ. ಮುಹಯ್ಯೊ ಮಾತ್ರ, "ಅವಳು ಕೇಳಿದ್ದು ಒಂದು ನೆನಪು. ಅದೂ ನಿಮ್ಮ ಹತ್ರ ಇಲ್ವಾ?" ಎಂದಳು.

ಇರಲಿಲ್ಲ. ಉಮುರ್‌ಜೋಕನ ಇಪ್ಪತ್ತನೆಯ ದಿನದ ಊಟ ಎಂದೊಡನೆ ಅವನಿಗೆ ಹೊಳೆಯುತ್ತಿದ್ದುದು ಅಕ್ಕಿ, ಒಳ್ಳೆಯ ಕೆಂಪಕ್ಕಿ, ನೀರು ಸರಿಯಾಗಿ ಕುಡಿದಿತ್ತು. ಹನ್ನೊಂದು ವರ್ಷದ ಹಿಂದಿನ ಮಾತು. ಅಕ್ಕಿಯ ಆಚೆಗೆ ಏನೂ ಕಾಣಲೊಲ್ಲದು. ಅವನು ದಿನವೂ ನಮಾಜು ಮುಗಿದ ಮೇಲೆ ಮಸೀದಿಯ ಕಂಬಕ್ಕೆ ಒರಗಿ ಕೂರುತ್ತಿದ್ದ. ಜಪಮಣಿ ಎಣಿಸುತ್ತಿದ್ದಾನೆಂದು ಜನ ತಿಳಿದರು. ಅವನು ಎಣಿಸುತ್ತಿದ್ದುದು ಕೊಪ್ಪರಿಗೆಗಳನ್ನು. ಒಂದೊಂದನ್ನೂ ಎತ್ತಿ ಅದರ ಹಿಂದೆ ಯಾರು ನಿಂತಿದ್ದರು ಎಂದು ನೋಡಹೊರಟರೆ, ಮೂವತ್ತು ವರ್ಷದ ಹೊಗೆಯಲ್ಲಿ ಒಂದು ಮುಖವೂ ಇಲ್ಲ. ಹೀಗೆ ಕೂತು ನೋಡಿದ್ದು ಅವನ ಜನ್ಮದಲ್ಲೇ ಮೊದಲು. ಅದು ಅವನಿಗೆ ಕೊಪ್ಪರಿಗೆ ಎತ್ತುವುದಕ್ಕಿಂತ ಭಾರವಾಯಿತು.

ಹೊರಡುವುದಕ್ಕೆ ಎರಡು ದಿನವಿರುವಾಗ, ಬೀಳ್ಕೊಡುಗೆಯ ಊಟಕ್ಕೆ ಮಾಂಸ ಬಂತು. ನಿಶೋನ್ ವಾಡಿಕೆಯಂತೆ ಬುಟ್ಟಿಯ ಬಟ್ಟೆ ಸರಿಸಿ, ತುಟಿ ಕೊಂಕಿಸಿ, "ಇಷ್ಟೇನಾ?" ಎಂದ.

ಆ ಮಾತು ಬಾಯಿಂದ ಬಿದ್ದದ್ದೇ ತಡ, ಕೈ ಅಲ್ಲೇ ನಿಂತಿತು. ಅವನು ಬುಟ್ಟಿಯ ಪಕ್ಕ ನೆಲಕ್ಕೆ ಕೂತುಬಿಟ್ಟ. ಮುಹಯ್ಯೊ ಎದೆನೋವೇನೋ ಎಂದು ನೀರು ತಂದಳು. ಅವನು ಕುಡಿಯದೆ ಎದ್ದು ಹೋದ.

ಬೀಬಿಸೋರ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಮಲೋಹತ್ ಒಂದು ತುದಿ ಹಿಡಿದಿದ್ದಳು.

"ಉಮುರ್‌ಜೋಕನ ಇಪ್ಪತ್ತರ ಹಿಂದಿನ ದಿನ," ಎಂದ ನಿಶೋನ್, ನಿಂತ ಕಡೆಯಿಂದಲೇ. "ನೀನು ಮಾಂಸ ತೋರಿಸ್ದೆ. ನಾನು ಬಟ್ಟೆ ಸರಿಸಿ ನೋಡಿ, ಇಷ್ಟೇನಾ ಅಂದೆ. ಇಷ್ಟಕ್ಕೆ ನಾನು ಒಲೆ ಹಚ್ಚಲ್ಲ, ಗಂಡನ ಮರ್ಯಾದೆ ಕಳೀತೀಯ ಅಂದೆ. ಕ್ಯಾರೆಟ್ ಹೆಚ್ಚೋಕೆ ಬಂದ ಗಂಡಸರೆಲ್ಲ ಕೇಳಿಸ್ಕೊಂಡ್ರು. ರಾತ್ರಿಯೊಳಗೆ ಇನ್ನೊಂದು ಕುರಿ ಬಂದಿತ್ತು. ಎಲ್ಲಿಂದ ಬಂತು ಅಂತ ನಾನು ಕೇಳ್ಲಿಲ್ಲ. ಕೊಟ್ಟಿಗೇಲಿ ಮಗ್ಗ ಇದ್ದ ಜಾಗ ಖಾಲಿ ಇತ್ತು. ಅದು ಕಣ್ಣಿಗೆ ಬಿದ್ದಿತ್ತು ಕಣಮ್ಮ. ಸೌದೆ ಇಡೋಕೆ ಅನುಕೂಲ ಆಯ್ತು ಅಂದ್ಕೊಂಡೆ."

ಬೀಬಿಸೋರ ಬಟ್ಟೆಯ ಸುಕ್ಕು ಬಿಡಿಸುತ್ತಿದ್ದಳು.

"ಅಡುಗೆಯವನ ಪಾಲು ಅಂತ ಆ ಕುರಿಯ ಬಾಲದ ಕೊಬ್ಬು ಮನೆಗೆ ಒಯ್ದೆ. ಚೆನ್ನಾಗಿತ್ತು ಅಂತ ಮುಹಯ್ಯೊಗೆ ಹೇಳಿದ್ದೆ." ಅವನು ಮಲೋಹತ್ ಕಡೆ ನೋಡಿದ. "ಒಲೆ ಹತ್ರ ಈ ಹುಡುಗಿ ಬಂದು ನಿಂತಿದ್ಲು. ಸಣ್ಣೋಳು. ಅಡ್ಡ ಬಂದ್ಲು ಅಂತ ಸೌಟಿನ ಹಿಡಿಯಿಂದ ತಲೆಗೆ ತಿವಿದು ಆಚೆ ತಳ್ಳಿದೆ."

ಬೀಬಿಸೋರಳ ಕೈಯಲ್ಲಿದ್ದ ಬಟ್ಟೆ ಕೆಳಗಿಳಿಯಿತು. "ಕೊನೇದು ನನಗೆ ಗೊತ್ತಿರ್ಲಿಲ್ಲ," ಎಂದಳು. ಮಗಳ ಕಡೆ ತಿರುಗಿದಳು. "ನಿನಗೆ ನೆನಪಿದೆಯಾ?"

"ಇದೆ," ಎಂದಳು ಮಲೋಹತ್. ಬಟ್ಟೆಯ ತುದಿಯನ್ನು ತಾಯಿಯ ಕೈಗೆ ಕೊಟ್ಟು, "ಹೋಗಿ ಬನ್ನಿ ಅಮಕಿ, ನಾನು ರಾಜಿ," ಎಂದು ದೊಡ್ಡಪ್ಪನಿಗೆ ಹೇಳುವಂತೆ ಹೇಳಿ ಒಳಗೆ ಹೋದಳು.

"ಒಂದು ಮಗ್ಗ ತಂದು ಹಾಕಿಸ್ತೀನಿ ತಂಗಿ."

"ಹನ್ನೊಂದು ವರ್ಷ ಆಯ್ತು ಅಕಾ. ಕೈ ಮರೆತುಹೋಗಿದೆ." ಅವಳು ಬಟ್ಟೆ ಎತ್ತಿ ಕೊಡವಿದಳು. "ಅವಳು ಅವಳ ಮಾತು ಹೇಳಿದ್ಲು. ನಂದು ನಾನು ಈಗ್ಲೇ ಹೇಳಲ್ಲ. ಈ ಮೊಹಲ್ಲಾದಲ್ಲಿ ಇನ್ನೊಂದು ಸಾವಾಗುತ್ತಲ್ಲ, ಅವತ್ತು ನೀವು ಏನು ಮಾಡ್ತೀರಿ ನೋಡಿ ಹೇಳ್ತೀನಿ."

ಹೀಗೆ ಒಂದು ರಾಜಿ ಇಲ್ಲದೆಯೇ ನಿಶೋನ್ ಹಜ್‌ಗೆ ಹೋದ. ಅಲ್ಲಿ ಅವನು ಅತ್ತನಂತೆ, ಜೊತೆಯವರು ಹಿಡಿದುಕೊಳ್ಳಬೇಕಾಯಿತಂತೆ. ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತು. ಇಮಾಮ್ ಅಸ್ಲಿದ್ದೀನ್ ಅದನ್ನು ಶುಕ್ರವಾರದ ಪ್ರವಚನಕ್ಕೆ ಸೇರಿಸಿಕೊಂಡು, ತನ್ನ ಮದ್ದು ಹೇಗೆ ಕೆಲಸ ಮಾಡಿತೆಂದು ಬೆರಳು ಮಡಿಸಿ ತೋರಿಸಿದ. ತಬ್ಬಲಿಯ ತಲೆಯ ಪುಣ್ಯದಲ್ಲಿ ತನಗೂ ಪಾಲಿದೆ ಎಂದು ಸೋಬಿರ್ ಕಚೇರಿಯಲ್ಲಿ ಹೇಳಿಕೊಂಡ.

ಚಳಿಗಾಲದಲ್ಲಿ ಚಪ್ಪಲಿ ಹೊಲಿಯುವ ಎರ್ಗಾಶ್ ಸತ್ತ. ಉಳಿದದ್ದು ಹೆಂಡತಿ, ಎರಡು ಮಕ್ಕಳು, ಅಂಗಳದಲ್ಲಿ ಕಟ್ಟಿದ ಒಂದು ಹಸು. ಇಪ್ಪತ್ತರ ಹಿಂದಿನ ದಿನ ಸೋಬಿರ್ ಹಸುವನ್ನು ಒಂದು ಸುತ್ತು ಬಂದು, "ಮುನ್ನೂರು ಜನಕ್ಕೆ ಸಾಕು" ಎಂದ.

ಹಾಜಿ ನಿಶೋನ್ ಎರ್ಗಾಶನ ಹೆಂಡತಿಯನ್ನು ಕೇಳಿದ. "ಮನೇಲಿ ಏನಿದೆ ಮಗಳೇ?"

"ಹೆಸರುಕಾಳಿದೆ. ಒಂದು ಕುಂಬಳಕಾಯಿ."

"ಬೇಕಾದಷ್ಟಾಯ್ತು."

ಬೆಳಿಗ್ಗೆ ತುತ್‌ಜೋರ್ ಮೊಹಲ್ಲಾದ ಗಂಡಸರು ಜೀವಮಾನದಲ್ಲೇ ಮೊದಲ ಬಾರಿ ಸಾವಿನ ಮನೆಯಲ್ಲಿ ಹೆಸರುಕಾಳಿನ ಗಂಜಿಯ ಮುಂದೆ ಕೂತರು. ಅಂದು ಕಂಡಷ್ಟು ಶೋಕ ಆ ಮೊಹಲ್ಲಾ ಯಾವ ಸಾವಿನಲ್ಲೂ ಕಂಡಿರಲಿಲ್ಲ. ಕೆಲವರ ಗಂಟಲಲ್ಲಿ ತುತ್ತೇ ಇಳಿಯಲಿಲ್ಲ. ಸೋಬಿರ್ ಬಟ್ಟಲು ತಳ್ಳಿ, "ಎರ್ಗಾಶನಿಗೆ ಇದೇನಾ ಮರ್ಯಾದೆ? ಅವನ ಆತ್ಮ ಏನಂದ್ಕೊಳ್ಳುತ್ತೆ?" ಎಂದು ಕೇಳಿದ.

"ಅವನ ಮಕ್ಕಳು ನಾಳೆ ಹಾಲು ಕುಡೀತಾವೆ ಅಂದ್ಕೊಳ್ಳುತ್ತೆ," ಎಂದ ನಿಶೋನ್. "ನೀವು ಉಣ್ಣಿ ಸೋಬಿರ್, ಆರಿಹೋಗುತ್ತೆ."

ಹಾಜಿಗೆ ಬಿಸಿಲು ತಲೆಗೇರಿದೆ ಎಂದು ಮೊಹಲ್ಲಾ ತೀರ್ಮಾನಿಸಿತು. ಮುಂದಿನ ಎರಡು ಸಾವಿಗೆ ಬೇರೆ ಮೊಹಲ್ಲಾದಿಂದ ಅಡುಗೆಯವನನ್ನು ಕರೆಸಿದರು. ಎದೆ ಮೆತ್ತಗಾಗಲಿ ಎಂದು ಹಾರೈಸಿದ್ದವರು ಯಾರೂ ಅದು ಇಷ್ಟು ಮೆತ್ತಗಾಗಬೇಕೆಂದು ಬಯಸಿರಲಿಲ್ಲ. ನಿಶೋನನ ಕೊಪ್ಪರಿಗೆ ಗೋಡೆಗೆ ಒರಗಿ ಬಿದ್ದಿತು. ಅವನಿಗೆ ಅದರ ದುಃಖ ಇರಲಿಲ್ಲವೆಂದರೆ ಸುಳ್ಳು. ಮೂವತ್ತು ವರ್ಷದ ಕಸುಬು. ಬೆಳಿಗ್ಗೆ ಎದ್ದರೆ ಕೈಗಳನ್ನು ಎಲ್ಲಿಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬೀಬಿಸೋರ ಬೇಕರಿಯಿಂದ ಬರುತ್ತ ಅವನ ಬಾಗಿಲಲ್ಲಿ ನಿಂತಳು. ತೋಳಿನವರೆಗೂ ಹಿಟ್ಟು, ಕೈಯಲ್ಲಿ ರೊಟ್ಟಿಯ ಗಂಟು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ನಿಶೋನ್ ಅಕಾ," ಎಂದಳು. "ನಾನು ರಾಜಿ."

ನಿಶೋನ್ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಬೀಬಿಸೋರ ಹೊರಡಲಿಲ್ಲ. ರೊಟ್ಟಿಯ ಗಂಟನ್ನು ಕೆಳಗಿಟ್ಟು, ಅವನ ಅಳು ಮುಗಿಯುವವರೆಗೂ ಹೊಸ್ತಿಲ ಮೇಲೆ ಕೂತಿದ್ದಳು.