ಮೊದಲ ಒತ್ತಿಗೆ ನಿಲ್ಲುವವರು

ಅವರ ಅಂಗಿಯ ಜೇಬು ಎಣ್ಣೆ ಕುಡಿದು ಕುಡಿದು ಎಷ್ಟು ತೆಳ್ಳಗಾಗಿತ್ತೆಂದರೆ, ಒಳಗಿಟ್ಟ ಸ್ಪ್ರಿಂಗಿನ ಸುತ್ತುಗಳನ್ನು ಹೊರಗಿನಿಂದಲೇ ಎಣಿಸಬಹುದಿತ್ತು. ಹುಬ್ಬಳ್ಳಿಯ ಕಾರ್ಖಾನೆಗಳಲ್ಲಿ ಅವರು ಎಲ್ಲರಿಗೂ ವಾಲ್ವ್ ಕಾಕಾ. ಗಂಡ ತೀರಿಕೊಂಡ ಮೇಲೆ ಅಮರಗೋಳದ ನಮ್ಮ ಹತ್ತಿ ಪ್ರೆಸ್ಸು ನನ್ನ ಕೊರಳಿಗೆ ಬಿತ್ತು. ಅದು ಹತ್ತಿಯನ್ನು ಒತ್ತಿ ಬೇಲು, ಅಂದರೆ ಗಟ್ಟಿ ಮೂಟೆ, ಮಾಡುತ್ತದೆ ಎಂಬುದಷ್ಟೇ ನನಗೆ ಗೊತ್ತಿತ್ತು. ಪ್ರೆಸ್ಸನ್ನು ನಡೆಸುವ ಎಣ್ಣೆಯ ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ವಾಪಸು ಬಿಡುವ ರಿಲೀಫ್ ವಾಲ್ವನ್ನು ತೋರಿಸಿಕೊಟ್ಟವರು ಕಾಕಾ.

ಯಾರೇ ಕೇಳಲಿ, ಫೋನಿನಲ್ಲಿ ಇಂಥದೇ ವಾಲ್ವ್ ತನ್ನಿ ಎಂದು ಹೇಳಿದವರಲ್ಲ. ಖುದ್ದು ಬಂದು, ಪಂಪಿನ ಮೇಲೆ ಅಳತೆ ಕೆತ್ತಿದ ತಗಡು ಓದಿ, ಪೈಪಿಗೆ ಅಂಗೈ ಹಚ್ಚಿ ಹತ್ತು ಬೇಲು ಆಗುವವರೆಗೆ ನಿಲ್ಲುತ್ತಿದ್ದರು. ಆಮೇಲೆ ಚಹಾ. ಕೇಶ್ವಾಪುರದ ಒಂದು ಖೋಲಿಯಲ್ಲಿ ಒಬ್ಬರೇ ಇದ್ದರು. "ಮನ್ಯಾಗ ನನ್ನ ಕೂಡ ಮಾತಾಡಾಕ ಕುಕ್ಕರ್ ಒಂದೈತಿ ನೋಡವಾ. ಅದೂ ಮೂರು ಮಾತಿಗೆ ಸುಮ್ಮನಾಗತೈತಿ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸಂಜೆ ಬೀಗ ತೆಗೆದು ಒಳಹೋದರೆ ನನ್ನ ಮನೆಯೂ ಹಾಗೇ ಎಂದು ಹೇಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಭಾರೀ ಕಟ್ಟುನಿಟ್ಟು. ಹೊಸ ವಾಲ್ವ್ ಕೂಡಿಸಿದ ಮೇಲೆ ಮೊದಲ ಒತ್ತಿಗೆ, ಅಂದರೆ ಪ್ರೆಸ್ಸು ಮೊದಲ ಸಲ ಹತ್ತಿ ಒತ್ತುವಾಗ, ಆಪರೇಟರನ ಜಾಗದಲ್ಲಿ ಅದನ್ನು ಆರಿಸಿದವರೇ ನಿಲ್ಲಬೇಕು. ಉಳಿದವರೆಲ್ಲ ಹೊರಗೆ.

ಒಮ್ಮೆ ಅವರು ಮುಗದ ಊರಿನಲ್ಲಿದ್ದ ತಂಗಿಯ ಮನೆಗೆ ಹೋದಾಗ ನಮ್ಮ ವಾಲ್ವ್ ಕೆಟ್ಟಿತು. ಹಂಗಾಮಿನ ದಿನ, ಅಂಗಳದ ತುಂಬ ಹತ್ತಿ. ಇಷ್ಟು ವರ್ಷ ನೋಡಿದ್ದೇನೆ, ಇದೇನು ಮಹಾ ಎಂಬ ಹಮ್ಮು ನನಗೆ. ಅದೇ ಒತ್ತಡದ, ಪೈಪಿಗೆ ತಿರುಗಿಸಿ ಕೂಡಿಸುವ ಚೂಡಿಯೂ ಅದೇ ಅಳತೆಯದಿದ್ದ ವಾಲ್ವ್ ತಂದು ಕೂಡಿಸಿದೆ. ಆಪರೇಟರ್ ಬಟನ್ ಒತ್ತಿದ. ನೂರೈವತ್ತಕ್ಕೆ ನಿಲ್ಲಬೇಕಾದ ಒತ್ತಡದ ಮೀಟರಿನ ಮುಳ್ಳು ನಿಲ್ಲದೆ ಏರಿತು. ಹೋಸ್ ಪೈಪು ಸಿಡಿದು ಕಾದ ಎಣ್ಣೆ ಅವನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಗೇಣು ಅಂತರದಲ್ಲಿ ಉಳಿದುಕೊಂಡ.

ಮರುದಿನ ಕಾಕಾ ಬಂದು ವಾಲ್ವ್ ತಿರುಗಿಸಿ ನೋಡಿದರು.

"ಒತ್ತಡ ನೋಡಿ ತಂದಿ, ಖರೇ. ಪಂಪ್ ನಿಮಿಷಕ್ಕ ಎಷ್ಟು ಎಣ್ಣಿ ದೂಡತೈತಿ ಅನ್ನೋದು ನೋಡಲಿಲ್ಲ. ಬಾಗಲಾ ತೆರದ್ರ ಸಾಲಂಗಿಲ್ಲ ತಂಗಿ, ಒಳಗಿನ ಮಂದಿಯೆಲ್ಲಾ ಹಾಯುವಷ್ಟು ಅಗಲ ಇರಬೇಕು."

ನಾನು ತಲೆಯಾಡಿಸಿದೆ.

"ಮೊದಲ್ನೇ ಒತ್ತಿಗೆ ಯಾರು ನಿಂತಿದ್ರು?"

"ಆಪರೇಟರ್ ರೀ, ಕಾಕಾ."

ಚಹಾದ ಲೋಟ ಹಾಗೇ ಇಟ್ಟು ಎದ್ದು ಹೋದರು. ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು. ಮಧ್ಯಾಹ್ನ ದೊಡ್ಡ ಬಾಯಿಯ ವಾಲ್ವ್ ತಂದು ಕೂಡಿಸಿ, ನಮ್ಮನ್ನೆಲ್ಲ ಹೊರಗೆ ಕಳಿಸಿ ತಾವೇ ನಿಂತರು.

ಹೋದ ವರ್ಷ ಕಾಕಾ ತೀರಿಕೊಂಡರು. ಖೋಲಿಯ ಬಾಗಿಲು ಎರಡು ದಿನ ತೆರೆಯದಿದ್ದಾಗ ಪಕ್ಕದವರಿಗೆ ಅನುಮಾನ ಬಂತಂತೆ.

ಈ ಹಂಗಾಮಿಗೆ ಪಂಪು ಬದಲಾಯಿತು. ಅದರ ತಗಡು ಮೂರು ಸಲ ಓದಿ, ಅಷ್ಟೂ ಎಣ್ಣೆ ಹಾಯುವಂಥ ವಾಲ್ವನ್ನು ನಾನೇ ಆರಿಸಿದೆ. ಎಲ್ಲರನ್ನೂ ಹೊರಗೆ ಕಳಿಸಿ ಬಟನ್ ಒತ್ತಿದೆ. ಮುಳ್ಳು ಏರತೊಡಗಿತು. ಕರೆದರೆ ಓಗೊಡಲು ಹತ್ತಿರ ಯಾರೂ ಇರಲಿಲ್ಲ. ಮುಳ್ಳು ನೂರೈವತ್ತಕ್ಕೆ ಬಂದು ನಿಂತಿತು. ಎಣ್ಣೆ ಸೊರ್ರನೆ ಟ್ಯಾಂಕಿಗೆ ಇಳಿಯಿತು.

"ಅಕ್ಕಾರ, ಒಳಗ ಬರಲೇನ್ರಿ?" ಬಾಗಿಲಲ್ಲಿ ಆಪರೇಟರ್ ಕೇಳಿದ.

ಕೈ ಮಾಡಿ ಒಳಗೆ ಕರೆದೆ. ನಮ್ಮೆಲ್ಲರ ಇಂಥ ನಿಮಿಷಗಳಿಗೆ ಕಾಕಾ ಒಬ್ಬರೇ ನಿಂತಿದ್ದರು. ಅವರ ಕಡೆಯ ನಿಮಿಷಕ್ಕೆ ನಮ್ಮಲ್ಲಿ ಒಬ್ಬರೂ ನಿಂತಿರಲಿಲ್ಲ.