ಕಾರಿನೊಳಗಿನ ಜಪಾನಿ ಹಾಡುಗಾರ್ತಿ

ನೈರೋಬಿಯಲ್ಲಿ ನಾವು ಕೊಂಡ ಕಾರು ಜಪಾನಿನಲ್ಲಿ ಯಾರೋ ಏಳೆಂಟು ವರ್ಷ ಓಡಿಸಿ ಬಿಟ್ಟದ್ದು. ಇಲ್ಲಿ ಬಹುತೇಕ ಎಲ್ಲರ ಕಾರೂ ಹಾಗೆಯೇ ಹಡಗಿನಲ್ಲಿ ಬಂದದ್ದು. ಅದರ ಎಫ್.ಎಂ. ರೇಡಿಯೊ ತೊಂಬತ್ತನೆಯ ನಂಬರಿಗೇ ನಿಂತುಬಿಡುತ್ತದೆ, ಊರಿನ ಸ್ಟೇಷನ್ನುಗಳೆಲ್ಲ ಹೆಚ್ಚೂಕಡಿಮೆ ಅದರಾಚೆ. ಅದನ್ನು ಸರಿ ಮಾಡಿಸುವ ಪುಟ್ಟ ಡಬ್ಬಿಯೊಂದು ಸಿಗುತ್ತದೆ. ನಾಳೆ ಹಾಕಿಸೋಣ ಎನ್ನುತ್ತ ನಾನು ಎರಡು ವರ್ಷ ಕಳೆದೆ.

ರೇಡಿಯೊ ಇಲ್ಲದಿದ್ದರೇನು, ಸಿ.ಡಿ. ಇತ್ತು. ಹಳೆಯ ಮಾಲೀಕ ಬಿಟ್ಟುಹೋಗಿದ್ದ ಒಂದು ಸಿ.ಡಿ. ಪ್ಲೇಯರಿನೊಳಗೆ ಸಿಕ್ಕಿಕೊಂಡಿತ್ತು. ಎಷ್ಟು ಒತ್ತಿದರೂ ಹೊರಗೆ ಬರುತ್ತಿರಲಿಲ್ಲ, ಆದರೆ ಹಾಡುವುದಕ್ಕೆ ಮಾತ್ರ ತಕರಾರಿಲ್ಲ. ಒಬ್ಬಳೇ ಹುಡುಗಿಯ ದನಿ, ಹದಿನಾರು ಹಾಡು. ಪರದೆಯ ಮೇಲೆ ಹಾಡಿನ ನಂಬರು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹಾಡುವವಳು ಯಾರು, ಏನು ಹಾಡುತ್ತಿದ್ದಾಳೆ, ನಮಗೆ ದೇವರಾಣೆಗೂ ಗೊತ್ತಿರಲಿಲ್ಲ.

ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನಾನು ಮೊದಲೇ ಸಿಡುಕ. ಲ್ಯಾವಿಂಗ್ಟನ್ನಿನ ಮನೆಯಿಂದ ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ನಮ್ಮ ಟೆಲಿಕಾಂ ಕಂಪನಿಯ ಗೋದಾಮಿಗೆ ಹೋಗಲು ಬೆಳಿಗ್ಗೆ ಒಂದೂವರೆ ಗಂಟೆ ಬೇಕು. ಮುಂದೆ ಲಾರಿ, ಪಕ್ಕದಲ್ಲಿ ಫುಟ್‌ಪಾತ್ ಹತ್ತಿ ನುಗ್ಗುವ ಮಟಾಟು ಎಂಬ ಬಾಡಿಗೆ ವ್ಯಾನು, ಒಳಗೆ ಇವಳ ಹಾಡು. 'ಹಾಡಿದ್ದೇ ಹಾಡೋ ಕಿಸಬಾಯಿ ದಾಸಿ' ಎಂದು ನಾನು ಬೈಯುತ್ತಿದ್ದೆ. ನನ್ನ ಹೆಂಡತಿ ನಗುತ್ತಿದ್ದಳು. ಅವಳು ದಾರಿಯಲ್ಲಿ ಸಿಗುವ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ. ದಿನದಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತು ಮಾತಾಡುತ್ತಿದ್ದದ್ದೆಂದರೆ ಆ ಒಂದೂವರೆ ಗಂಟೆ.

ಹಾಡುಗಳಿಗೆಲ್ಲ ಅವಳೇ ಅರ್ಥ ಹಚ್ಚಿದ್ದಳು. ಎರಡನೆಯದರಲ್ಲಿ ಹುಡುಗಿ ಗ್ಯಾಸ್ ಬುಕ್ ಮಾಡದ ಗಂಡನಿಗೆ ಮಂಗಳಾರತಿ ಎತ್ತುತ್ತಿದ್ದಾಳೆ. ಐದನೆಯದರಲ್ಲಿ ಅಕ್ಕಿ ಆರಿಸುತ್ತ ನಾದಿನಿಯ ಚಾಡಿ ಹೇಳುತ್ತಿದ್ದಾಳೆ. ಏಳನೆಯದು ಮಾತ್ರ ಬೇರೆ. ಅದು ಬಂದಾಗ ಅವಳು ಮಾತು ನಿಲ್ಲಿಸಿ ಕಿಟಕಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು.

"ಇದರ ಕಥೆ ಏನು?" ಎಂದೆ ಒಮ್ಮೆ.

"ಇದಕ್ಕೆ ಕಥೆ ಬೇಡ ರೀ. ಸುಮ್ನೆ ಕೇಳಿ," ಎಂದಳು.

ಎರಡನೆಯ ವರ್ಷದ ಕೊನೆಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಬೆಂಗಳೂರಿನಲ್ಲೇ ಆಗಲಿ ಎಂದು ಅವಳ ಅಕ್ಕ ಹಟ ಹಿಡಿದರು. ನಾನು ಎರಡು ವಾರ ಜೊತೆಗಿದ್ದು ವಾಪಸು ಬಂದೆ. ಹೊಸ ಟವರುಗಳ ಕೆಲಸ ತಲೆಯ ಮೇಲಿತ್ತು, ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ನಾನು ಗಟ್ಟಿಯಾಗಿ ಕೇಳಲೇ ಇಲ್ಲ. ಆಸ್ಪತ್ರೆಯ ವಾಸನೆಗೆ ಹೆದರಿ ಓಡಿಬಂದಿದ್ದೆ. ಅವಳು ಮೂರು ತಿಂಗಳು ಅಕ್ಕನ ಮನೆಯಲ್ಲಿದ್ದಳು.

ಅವಳು ಬರುವ ವಾರ ಈ ತಪ್ಪನ್ನೆಲ್ಲ ಒಂದೇ ಏಟಿಗೆ ತೊಳೆದುಬಿಡುವ ಹುಮ್ಮಸ್ಸು ಬಂತು. ಗೋದಾಮಿನ ಹಿಂದಿನ ಬೀದಿಯ ಫುಂಡಿಯ ಬಳಿ, ಅಂದರೆ ಮೆಕ್ಯಾನಿಕ್ಕಿನ ಬಳಿ, ಕಾರು ಬಿಟ್ಟು ಹಳೆಯ ಪ್ಲೇಯರು ಕೀಳಿಸಿ ಹೊಸದು ಹಾಕಿಸಿದೆ. ಅವಳು ಕಾಲೇಜಿನಲ್ಲಿ ಹಾಡುತ್ತಿದ್ದ ಭಾವಗೀತೆಗಳನ್ನೆಲ್ಲ ಹುಡುಕಿ ಪೆನ್‌ಡ್ರೈವಿಗೆ ತುಂಬಿಸಿದೆ. ಹಳೆಯದು ಬೇಕಾ ಎಂದು ಫುಂಡಿ ಕೇಳಿದ. ಬಿಸಾಡು ಎಂದೆ.

ಏರ್‌ಪೋರ್ಟಿನಿಂದ ಹೊರಟು ಮೊಂಬಾಸಾ ರೋಡಿಗೆ ಬಂದ ಮೇಲೆ ಹಾಡು ಹಾಕಿದೆ. ಅವಳು ತುಂಬ ಇಳಿದುಹೋಗಿದ್ದಳು, ಸೀಟ್ ಬೆಲ್ಟು ಹೆಗಲಿನಿಂದ ಜಾರುತ್ತಿತ್ತು. ಮೊದಲ ಸಾಲು ಮುಗಿಯುವ ಮೊದಲೇ ಮುಖ ಕಿಟಕಿಯ ಕಡೆ ತಿರುಗಿಸಿದಳು. ಎರಡನೆಯ ಹಾಡಿಗೆ ಕೈ ಚಾಚಿ ಆಫ್ ಮಾಡಿದಳು.

"ಅವಳೆಲ್ಲಿ?"

"ತೆಗೆಸ್ಬಿಟ್ಟೆ. ಸಿಸ್ಟಮ್ಮೇ ಹೊಸದು," ಎಂದೆ ಜಂಬದಿಂದ.

"ಚೆನ್ನಾಗಿದೆ," ಎಂದಳು. ಇಷ್ಟು ಮಾಡಿದ್ದಕ್ಕೆ ಒಂದು ನಗುವೂ ಇಲ್ಲವಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹತ್ತು ದಿನದ ಮೇಲೆ ಕೀಮೋಗೆ ಕರೆದುಕೊಂಡು ಹೋಗುವಾಗ ಅವಳೇ ಮಾತೆತ್ತಿದಳು.

"ಬೇಜಾರ್ ಮಾಡ್ಕೋಬೇಡಿ. ಆ ಹಾಡುಗಳೆಲ್ಲ ನಂಗೆ ಪ್ರಾಣ, ನಿಜ. ಆದ್ರೆ ಅದ್ರಲ್ಲಿ ಒಂದೊಂದ್ ಮಾತೂ ಅರ್ಥ ಆಗತ್ತೆ. ಈಗ ಅದೇ ಕಷ್ಟ. ಮೂರ್ ತಿಂಗಳು ಅಕ್ಕನ ಮನೇಲಿ ಎಲ್ರೂ ಬರೀ ಅರ್ಥ ಆಗೋ ಮಾತೇ ಆಡಿದ್ರು ರೀ. ಈ ಹುಡುಗಿ ಹತ್ರ ಹೋದ್ರೆ ಸಾಕು ಅಂತ ದಿನ ಎಣಿಸ್ತಾ ಇದ್ದೆ."

ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ. ನಾನು ಪ್ರೀತಿಯಲ್ಲೇ ಕೊಯ್ದಿದ್ದೆ. ಅವಳನ್ನು ಆಸ್ಪತ್ರೆಯಲ್ಲಿ ಕೂರಿಸಿದವನೇ ಫುಂಡಿಯ ಬಳಿಗೆ ಓಡಿದೆ. ಪ್ಲೇಯರನ್ನು ಬಿಡಿಭಾಗಕ್ಕೆಂದು ಯಾರೋ ಕೊಂಡೊಯ್ದಿದ್ದರು. ಒಳಗಿದ್ದ ಸಿ.ಡಿ. ಏನಾಯಿತೋ ಅವನಿಗೆ ಗೊತ್ತಿಲ್ಲ. ಹೆಂಡತಿಗೆ ಹುಷಾರಿಲ್ಲ, ಅವಳಿಗಾಗಿ ಬೇಕಿತ್ತು ಎಂದೆ. ಎಣ್ಣೆಯ ಕೈಯನ್ನು ಎದೆಗಿಟ್ಟುಕೊಂಡು "ಪೋಲೆ ಸಾನಾ" ಎಂದ, ತುಂಬ ಬೇಸರವಾಯಿತು ಎಂದು. ಆಮೇಲೆ ಪಕ್ಕದ ನಾಲ್ಕು ಅಂಗಡಿಗಳಿಗೆ ನನ್ನ ಜೊತೆ ತಾನೇ ಬಂದು ವಿಚಾರಿಸಿದ. ಅಲ್ಲೆಲ್ಲೂ ಸಿಗಲಿಲ್ಲ.

ಹಾಡುಗಾರ್ತಿಯ ಹೆಸರೂ ಗೊತ್ತಿಲ್ಲದೆ ಇಂಟರ್ನೆಟ್ಟಿನಲ್ಲಿ ಏನೆಂದು ಹುಡುಕುವುದು? ಭಾನುವಾರಗಳೆಲ್ಲ ಯಾವಯಾವುದೋ ಜಪಾನಿ ಹುಡುಗಿಯರ ಹಾಡು ಹಾಕಿಕೊಂಡು ಕೂರುತ್ತಿದ್ದೆ. ಅವಳು ದಿವಾನದಿಂದಲೇ "ಅಲ್ಲ" ಎನ್ನುತ್ತಿದ್ದಳು. ಅಷ್ಟರಲ್ಲಿ ರೋಗ ಲಿವರಿಗೆ ಇಳಿದಿತ್ತು. ಡಾಕ್ಟರು ವರ್ಷದ ಮಾತು ಬಿಟ್ಟು ತಿಂಗಳ ಮಾತು ಆಡತೊಡಗಿದ್ದರು. ನನಗೆ ಇದೊಂದೇ ಹುಚ್ಚು ಹಿಡಿಯಿತು: ಅವಳಿಗೆ ಕೇಳಿಸಿಕೊಳ್ಳುವ ಶಕ್ತಿ ಇರುವಾಗಲೇ ಆ ಹಾಡು ಸಿಗಬೇಕು.

ಆಗ ಗೋದಾಮಿಗೆ ಬ್ಯಾಟರಿಗಳನ್ನು ಪರೀಕ್ಷಿಸಲು ಜಪಾನಿನ ಎಂಜಿನಿಯರೊಬ್ಬರು ಬಂದರು. ತಲೆ ನರೆತ, ಮಾತು ಕಡಿಮೆಯ ಮನುಷ್ಯ. ಎರಡನೆಯ ದಿನ ಮಧ್ಯಾಹ್ನ ನಾನು ಮಾನ ಮರ್ಯಾದೆ ಬಿಟ್ಟು ಅವರೆದುರು ಏಳನೆಯ ಹಾಡನ್ನು ಗುನುಗಿದೆ. ನನ್ನ ಕಂಠಕ್ಕೆ ಕತ್ತೆಯೂ ಮರುಗೀತು. ಸರಕು ಇಳಿಸುತ್ತಿದ್ದವರು ಕೆಲಸ ನಿಲ್ಲಿಸಿ ನಕ್ಕರು. ಎಂಜಿನಿಯರು ನಗಲಿಲ್ಲ. ತಲೆ ಬಗ್ಗಿಸಿ ಕೇಳಿ, ಇನ್ನೊಮ್ಮೆ ಎಂದರು. ಎರಡನೆಯ ಸಲ ಅವರೂ ಮೆಲ್ಲಗೆ ದನಿಗೂಡಿಸಿದರು.

ಅವರ ತಾಯಿ ಬಟ್ಟೆ ಇಸ್ತ್ರಿ ಮಾಡುವಾಗ ಟಿ.ವಿ.ಯಲ್ಲಿ ಬರುತ್ತಿದ್ದ ಹಾಡಂತೆ ಅದು. ಆಗ ಹಾಡುಗಾರ್ತಿಗೆ ಹದಿನಾರು ಹದಿನೇಳು ವರ್ಷ, ದೇಶವೆಲ್ಲ ಹುಚ್ಚೆದ್ದಿತ್ತಂತೆ. ಬೇರೆ ಹುಡುಗಿಯರೆಲ್ಲ ಎರಡು ಮೂರು ವರ್ಷಕ್ಕೆ ಮರೆಯಾದರೂ ಇವಳು ಬಿಡದೆ ಹಾಡುತ್ತಲೇ ಇದ್ದಾಳೆ. ಈಗಲೂ ಜನ ಟಿಕೆಟ್ಟು ಕೊಂಡು ಹೋಗಿ ಅದೇ ಹಳೆಯ ಹಾಡುಗಳನ್ನೇ ಹಾಡಿಸುತ್ತಾರೆ ಎಂದರು. ಏಳನೆಯ ಹಾಡಿನ ಅರ್ಥವನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಟ್ಟರು. ಅವಳ ಹಾಡುಗಳನ್ನು ಕಂಪನಿಯವರು ಜಪಾನಿನಾಚೆ ಇಂಟರ್ನೆಟ್ಟಿಗೆ ಬಿಟ್ಟಿಲ್ಲ, ಊರಿಗೆ ಹೋದ ಮೇಲೆ ಸಿ.ಡಿ. ಕಳಿಸುತ್ತೇನೆ ಎಂದರು, ಕಳಿಸಿಯೂ ಕಳಿಸಿದರು.

ಅದು ಬಂದ ದಿನ ಅವಳು ಹಾಸಿಗೆಯಿಂದ ಏಳುತ್ತಿರಲಿಲ್ಲ. ಮಂಚದ ಪಕ್ಕ ಕೂತು ಮೊದಲು ಆ ಹಾಳೆ ತೆಗೆದೆ.

"ಅರ್ಥ ಓದ್ಲಾ?"

"ಬೇಡಪ್ಪ," ಎಂದಳು. "ನಿಮಗೆ ಅರ್ಥ ಹೇಳದಿದ್ರೆ ತಿಂದ ಅನ್ನ ಕರಗಲ್ಲ. ಹಾಡು ಹಾಕಿ."

ಹಾಳೆಯನ್ನು ಮಡಚಿ ಜೇಬಿಗಿಟ್ಟೆ. ಲ್ಯಾಪ್‌ಟಾಪಿಗೆ ಸಿ.ಡಿ. ಹಾಕಿದೆ. ಮೊದಲ ಹಾಡು ಶುರುವಾಯಿತು. ರಾಗ ಅದೇ, ವಾದ್ಯಗಳೂ ಅವೇ. ಆದರೆ ದನಿ ದಪ್ಪಗಾಗಿತ್ತು. ಮೇಲಿನ ಸ್ವರಕ್ಕೆ ಏರಬೇಕಾದಲ್ಲಿ ಏರದೆ ಜಾಣತನದಿಂದ ಕೆಳಗೇ ಸುತ್ತಿ ಬರುತ್ತಿತ್ತು. ನಡುವೆ ಜನರ ಚಪ್ಪಾಳೆ. ಎಂಜಿನಿಯರು ಕಳಿಸಿದ್ದು ಇತ್ತೀಚಿನ ಕಾರ್ಯಕ್ರಮದ ಸಿ.ಡಿ. ಅದನ್ನು ಮೊದಲೇ ನೋಡಿಕೊಳ್ಳುವ ಬುದ್ಧಿ ನನಗಿರಲಿಲ್ಲ.

"ಇವಳು ಅವಳಲ್ಲ," ಎಂದಳು.

"ಅವಳೇ ಕಣೆ. ಈಗ ಐವತ್ತು ದಾಟಿದೆಯಂತೆ. ಹಳೇದೇ ತರಿಸ್ತೀನಿ, ನಾಳೇನೇ ಮೇಲ್ ಹಾಕ್ತೀನಿ," ಎಂದು ನಿಲ್ಲಿಸಲು ಹೋದೆ.

ಅವಳು ನನ್ನ ಕೈ ಹಿಡಿದಳು. ಆ ಬೆರಳುಗಳಲ್ಲಿ ಅಷ್ಟು ಬಲ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ಬೇಡ, ಇರಲಿ. ಪುಣ್ಯವಂತೆ ನೋಡಿ. ಎಷ್ಟ್ ಚೆನ್ನಾಗಿ ವಯಸ್ಸಾಗಿದೆ ಅವಳಿಗೆ. ವಯಸ್ಸಾಗೋದು ಹೇಗಿರತ್ತೆ ಅಂತ ಪೂರ್ತಿ ಕೇಳೋಣ."

ಒಂದನ್ನೂ ಬಿಡದೆ ಕೇಳಿದಳು. ನಾನು ಗೋಡೆಯ ಕಡೆ ಮುಖ ಮಾಡಿ ಅಳುತ್ತ ಕೂತಿದ್ದೆ. ನನ್ನ ಹೆಂಡತಿಗೆ ಆಗ ಮೂವತ್ತೊಂಬತ್ತು.